ಸೆಕೆಂಡ್ ಪಿಯುಸಿ ಬಂತು, ಗ್ರೌಂಡ್ ಬಿಡಿಸೋಣವಾ ಸಾರ್?

ಬೆಂಗಳೂರಿನ ಮೂಡಲಪಾಳ್ಯ, ನಾಗರಬಾವಿ ಕಡೆಯ ಕಾಲೇಜು ಹುಡುಗರಿಗೆ ವಾಲಿಬಾಲ್ ಕಲಿಸುವ ನನಗೆ ಪ್ರತಿ ಜೂನ್‌ನಲ್ಲೂ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆ ಇದು. ನಾನು ಹೇಳುವುದಿಷ್ಟು:

1. ಓದು, ಆಟ ಎರಡನ್ನೂ ಒಂದೇ ತಿಂಗಳಲ್ಲಿ ಗೆಲ್ಲಲು ಹೊರಡಬೇಡಿ. ಈ ಮಾತು ಬಂದಾಗೆಲ್ಲ ಕ್ರಿಕೆಟಿಗ ಅನಿಲ್ ಕುಂಬ್ಳೆ ಹೆಸರು ಬರುತ್ತದೆ. ಇಲ್ಲೇ ಮೈಸೂರು ರಸ್ತೆಯ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗಲೇ, 1990ರ ಆಗಸ್ಟ್‌ನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಟೆಸ್ಟ್ ಆಡಿದರು, ನಿಜ. ಎರಡನೇ ಟೆಸ್ಟ್ ಯಾವಾಗ ಎಂದು ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. 1992ರ ಅಕ್ಟೋಬರ್, ಜಿಂಬಾಬ್ವೆಯಲ್ಲಿ! ನಡುವಿನ ಎರಡು ವರ್ಷ ಟೆಸ್ಟ್ ತಂಡದಲ್ಲಿ ಜಾಗವಿರಲಿಲ್ಲ; ಅಷ್ಟರಲ್ಲಿ ಡಿಗ್ರಿ ಮುಗಿದಿತ್ತು. ಕೊನೆಗೆ ಒಟ್ಟು 619 ಟೆಸ್ಟ್ ವಿಕೆಟ್. ಎರಾಪಳ್ಳಿ ಪ್ರಸನ್ನ ಅವರದಂತೂ ಇನ್ನೂ ಗಟ್ಟಿ ಮನಸ್ಸು. 1962ರಲ್ಲಿ ಟೆಸ್ಟ್‌ಗೆ ಬಂದು, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮಾಡಿ, ಎಂಜಿನಿಯರಿಂಗ್ ಮುಗಿಸಲು ಮೈಸೂರಿನ ಎನ್‌ಐಇ ಹಾದಿ ಹಿಡಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ದೂರವಿದ್ದ ಆ ಮನುಷ್ಯನಿಗೆ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಸಿಕ್ಕಿತು. ಹಾಗಾಗಿ ಪರೀಕ್ಷೆ ತಿಂಗಳಲ್ಲಿ ನಮ್ಮಲ್ಲಿ ಮ್ಯಾಚ್ ಇಲ್ಲ, ಬೆಳಿಗ್ಗೆ ಒಂದು ಗಂಟೆ ಪ್ರಾಕ್ಟೀಸ್ ಅಷ್ಟೇ. ಟೂರ್ನಮೆಂಟ್ ತಿಂಗಳಲ್ಲಿ ಟ್ಯೂಷನ್‌ನವರು ಸ್ವಲ್ಪ ತಡೆದುಕೊಳ್ಳಬೇಕು.

2. ಪೂರ್ತಿ ಬಿಡಿಸಬೇಡಿ. ಉಳಿದ ಎರಡು ಗಂಟೆ ಪುಸ್ತಕಕ್ಕೆ ಹೋಗುತ್ತದೆ ಅಂದುಕೊಳ್ಳುತ್ತೀರಿ. ನಾನು ಕಂಡಂತೆ ಮೊಬೈಲಿಗೆ ಹೋಗುತ್ತದೆ.

3. ಚೆನ್ನಾಗಿ ಓದುವ ಹುಡುಗನನ್ನು ಸೆಟರ್ ಮಾಡಿ. ಎದುರಿನ ಬ್ಲಾಕ್ ನೋಡಿ, ಯಾರಿಗೆ ಬಾಲ್ ಎತ್ತಿಕೊಡಬೇಕು ಎಂದು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ತೀರ್ಮಾನಿಸುವವನು ಅವನು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನದೂ ಹೆಚ್ಚುಕಡಿಮೆ ಇಂಥದೇ ಕೆಲಸ. ಟೆನೆಸ್ಸಿ ವಿಶ್ವವಿದ್ಯಾಲಯದ ಜೋಶ್ ಡಾಬ್ಸ್ ಆ ಜಾಗದಲ್ಲಿ ಆಡುತ್ತಲೇ ಏರೋಸ್ಪೇಸ್ ಎಂಜಿನಿಯರಿಂಗ್ ಮುಗಿಸಿ, 2017ರಲ್ಲಿ ವೃತ್ತಿಪರ ಲೀಗ್ ಸೇರಿದರು. ಸೆಟರ್‌ಗಳು ಪರೀಕ್ಷೆಗೆ ಕಡಿಮೆ ಹೆದರುತ್ತಾರೆ ಎನ್ನುವುದು ನನ್ನ ನಂಬಿಕೆ. ಸ್ಮ್ಯಾಷ್ ಹೊಡೆಯುವ ಹುಡುಗರು ಇದನ್ನು ಒಪ್ಪುವುದಿಲ್ಲ.

4. ಸ್ಪೋರ್ಟ್ಸ್ ಕೋಟಾ ನೆಚ್ಚಿಕೊಂಡು ಓದು ಬಿಡಬೇಡಿ. ಸೀಟು ಸಿಕ್ಕ ಮೇಲೂ ಇಂಟರ್ನಲ್ಸ್ ಬರೆಯಬೇಕಾದವನು ಹುಡುಗನೇ.

5. ಓಡಿ (ಆನ್ ಡ್ಯೂಟಿ) ಲೆಟರನ್ನು ಟೂರ್ನಮೆಂಟಿಗೆ ಹೋಗುವ ಮುಂಚೆಯೇ ಕೊಡಿ. ಪಿಯುಗೆ ಶೇ. 75, ವಿಟಿಯು ಕಾಲೇಜಾದರೆ ಶೇ. 85 ಹಾಜರಾತಿ ಬೇಕು. ಕಪ್ ಗೆದ್ದು ಬಂದ ಮೇಲೆ ಆಫೀಸಿನ ಮುಂದೆ ನಿಂತರೆ ಯಾರೂ ಕಪ್ ನೋಡುವುದಿಲ್ಲ, ರಿಜಿಸ್ಟರ್ ನೋಡುತ್ತಾರೆ. ಸೀಲು ಬಿದ್ದ ಪತ್ರದ ಜೆರಾಕ್ಸ್ ಮನೆಯಲ್ಲಿರಲಿ. ತಪ್ಪಿದ ಲ್ಯಾಬ್ ಮತ್ತೆ ಯಾವತ್ತು ಮಾಡಿಸುತ್ತೀರಿ ಎಂದು ಆವತ್ತೇ ಕೇಳಿ. ನೋಟ್ಸ್ ಬರೆದಿಡಲು ಒಬ್ಬ ಗೆಳೆಯನಿಗೆ ಮೊದಲೇ ಹೇಳಿರಿ. ಅವನು ವಾಲಿಬಾಲ್ ಟೀಮಿನವನಾಗಿರದಂತೆ ನೋಡಿಕೊಳ್ಳಿ.