ಹಾಳೆಯ ಮೇಲೆ ಅವರ ಹೆಸರು ಇರಲಿ

ಪ್ರಶ್ನೆ: ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿ ಸೇರಿ ಎಂಟು ತಿಂಗಳಾಯಿತು. ಐಎಸ್‌ಒ 9001 ಆಡಿಟ್‌ಗೆ ಎಲ್ಲ ಪ್ರೊಸೀಜರ್, ವರ್ಕ್ ಇನ್‌ಸ್ಟ್ರಕ್ಷನ್ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಬೇರೆ ಕಂಪನಿಯ ಫೈಲ್ ತಂದು ಹೆಸರು ಬದಲಿಸಿ ಎನ್ನುತ್ತಾರೆ ಮ್ಯಾನೇಜರ್. ಇಪ್ಪತ್ತು ವರ್ಷ ಲೇತ್ ನಡೆಸಿದ ಹಿರಿಯರೊಬ್ಬರನ್ನು ಕೇಳಿದರೆ, ‘ಎಲ್ಲಾ ಬರ್ಕೊಂಡ್ಮೇಲೆ ನಾನ್ಯಾಕೆ ಬೇಕು ಮೇಡಂ?’ ಅಂದರು. ಅಂದಿನಿಂದ ಅವರ ಮಷೀನ್ ಹತ್ತಿರ ಹೋಗಲು ಕಾಲೇ ಬರುತ್ತಿಲ್ಲ.
— ಹೆಸರು ಬೇಡ, ಬೆಂಗಳೂರು

ಉತ್ತರ: ಆಡಿಟ್‌ಗಿಂತ ಆ ಹಿರಿಯರ ಮಾತೇ ನಿಮ್ಮನ್ನು ಕಾಡುತ್ತಿದೆ. ಕಾಡಬೇಕಾದ ಮಾತೇ ಅದು. ‘ಹಾಗೇನೂ ಆಗಲ್ಲ’ ಎಂದು ಮಾತ್ರ ಅವರಿಗೆ ಭರವಸೆ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ‘ತಯಾರಿಸಿದವರು’ ಎಂಬ ಜಾಗದಲ್ಲಿ ಅವರ ಹೆಸರು ಮೊದಲು ಬರೆಯುವುದು, ಅವರು ಓದಿ ಒಪ್ಪದ ಹಾಳೆ ಮಷೀನ್ ಪಕ್ಕ ಅಂಟದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅಷ್ಟನ್ನು ಹೇಳಿ, ಹೇಳಿದಂತೆ ಮಾಡಿ.

ಇನ್ನು, ರಾಶಿಗಟ್ಟಲೆ ಬರೆಯಬೇಕೆಂಬ ಭಯ ಬಿಡಿ. 2008ರ ಆವೃತ್ತಿ ಆರು ಪ್ರೊಸೀಜರ್‌ಗಳನ್ನೂ ಕ್ವಾಲಿಟಿ ಮ್ಯಾನ್ಯುಯಲ್ಲನ್ನೂ ಕಡ್ಡಾಯ ಮಾಡಿತ್ತು. 2015ರಲ್ಲಿ ಅವೆರಡೂ ಹೋದವು. ಗುಣಮಟ್ಟ ನೀತಿ, ಗುರಿಗಳು, ಕೆಲವು ದಾಖಲೆಗಳು ಈಗಲೂ ಬೇಕೇ ಬೇಕು. ಉಳಿದದ್ದು ನಿಮ್ಮ ಕೆಲಸಕ್ಕೆ ಎಷ್ಟು ಅಗತ್ಯವೋ ಅಷ್ಟು. ತಂದ ಫೈಲ್ ಬೇಡವೇ ಬೇಡ. ಹಾಳೆಯಲ್ಲಿ ಒಂದು, ಮಷೀನ್ ಮುಂದೆ ಇನ್ನೊಂದು ಕಂಡರೆ ಆಡಿಟರ್ ಅದನ್ನೇ ಎನ್‌ಸಿ (ನಾನ್‌ಕನ್ಫಾರ್ಮಿಟಿ) ಎಂದು ಬರೆಯುತ್ತಾರೆ. ಮ್ಯಾನೇಜರ್‌ಗೆ ಈ ಒಂದು ಕಾರಣ ಸಾಕು.

ಆರ್ಡರ್ ಬಂದಲ್ಲಿಂದ ಮಾಲು ಹೋಗುವವರೆಗೆ ಯಾರು, ಯಾವಾಗ, ಯಾರಿಗೆ ಒಪ್ಪಿಸಬೇಕು ಎಂಬುದು ಪ್ರೊಸೀಜರ್. ಅದನ್ನು ಮೇಜಿನ ಮುಂದೆ ಕೂತು ಬರೆಯಬಹುದು. ವರ್ಕ್ ಇನ್‌ಸ್ಟ್ರಕ್ಷನ್ ಹಾಗಲ್ಲ, ಮಷೀನ್ ಪಕ್ಕ ನಿಂತೇ ಬರೆಯಬೇಕು. ‘ವ್ಯಾಸವನ್ನು ಪರಿಶೀಲಿಸತಕ್ಕದ್ದು’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. 25 ಎಚ್7 ಶಾಫ್ಟ್ ಎಂದರೆ 24.979ರಿಂದ 25.000 ಮಿ.ಮೀ. ಒಳಗಿರಬೇಕು, ಸಿಗುವ ಅವಕಾಶ 21 ಮೈಕ್ರಾನ್. 20 ಮೈಕ್ರಾನ್ ತೋರಿಸುವ ವರ್ನಿಯರ್‌ನಿಂದ ಅದನ್ನು ಹೇಗೆ ತೀರ್ಮಾನಿಸುವುದು? ‘ಮೈಕ್ರೋಮೀಟರ್‌ನಿಂದ ಅಳೆಯಿರಿ, ಎರಡು ಕಡೆ ಅಳೆಯಿರಿ, ಆಚೆಗೆ ಹೋದರೆ ಮಷೀನ್ ನಿಲ್ಲಿಸಿ ಸೂಪರ್‌ವೈಸರ್‌ಗೆ ತಿಳಿಸಿ’ ಎಂದು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಆದರೆ ಚಕ್, ಆಫ್‌ಸೆಟ್, ಜಾಬ್ ಹಾಗೆಯೇ ಇರಲಿ. ಕನ್ನಡ ಓದಲು ಬಾರದವರಿದ್ದರೆ ಫೋಟೋ ಹಾಕಿ.

ಆ ಹಿರಿಯರ ಬಳಿ ಪೆನ್ನು ಹಿಡಿಯದೆ ಹೋಗಿ. ‘ಅಣ್ಣಾ, ಹೊಸ ಹುಡುಗರು ಈ ಜಾಬ್‌ನಲ್ಲಿ ಎಲ್ಲಿ ಎಡವುತ್ತಾರೆ?’ ಎಂದು ಕೇಳಿ. ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಪರೀಕ್ಷೆ ಮಾಡಿದಂತಾಗುತ್ತದೆ. ಎಡವುವುದು ಎಲ್ಲಿ ಎಂದರೆ ಗುರುವನ್ನು ಕೇಳಿದಂತೆ. ಜಾಬ್ ಕೂರಿಸುವ ಮೊದಲು ಚಕ್ ಒರೆಸದಿದ್ದರೆ ಒಂದು ಚೂರು ಚಿಪ್ಸ್ ಸಿಕ್ಕಿಕೊಂಡು ಜಾಬ್ ಓರೆಯಾಗುತ್ತದೆ. ಇಂಥದ್ದು ಯಾವ ಡ್ರಾಯಿಂಗ್‌ನಲ್ಲೂ ಇರುವುದಿಲ್ಲ, ಅವರ ಬಾಯಿಂದಲೇ ಬರಬೇಕು.

ಬರೆದ ಮೇಲೆ ಹಾಳೆಯನ್ನು ಈಚೆಗೆ ಸೇರಿದ ಟ್ರೈನೀಗೆ ಕೊಡಿ. ಹಿರಿಯರೂ ನೀವೂ ಪಕ್ಕದಲ್ಲಿ ನಿಂತಿರಿ. ಅಪಾಯ ಕಂಡರೆ ಮಾತ್ರ ತಡೆಯಿರಿ, ಮಿಕ್ಕಂತೆ ಸುಮ್ಮನಿರಿ. ಆ ಹುಡುಗ ಎಲ್ಲಿ ಕೈ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾನೋ ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿ, ತಿದ್ದುವ ಪೆನ್ಸಿಲ್ಲನ್ನು ಹಿರಿಯರ ಕೈಗೆ ಕೊಡಿ.