ಮಕ್ಕಳಲ್ಲಿ ಗಳಗಂಡ: ಪತ್ತೆ ಮತ್ತು ಚಿಕಿತ್ಸೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಶಾಲೆಗಳಲ್ಲಿ ಗಳಗಂಡ ಗುರುತಿಸುವ ಹೊಣೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳದು. ವಯೋಮಿತಿ: ಹುಟ್ಟಿನಿಂದ 18 ವರ್ಷ.

ಪತ್ತೆಗೆ ಮೊದಲು ಬೇಕಾದದ್ದು ಕೈಬೆರಳು. ಥೈರಾಯ್ಡ್‌ನ ಒಂದು ಹಾಲೆ ಆ ಮಗುವಿನದೇ ಹೆಬ್ಬೆರಳಿನ ತುದಿಗೆಣ್ಣಿಗಿಂತ ದೊಡ್ಡದಿದ್ದರೆ ಗಳಗಂಡ. ಮುಟ್ಟಿದರೆ ಮಾತ್ರ ತಿಳಿದರೆ ದರ್ಜೆ 1. ಕತ್ತು ಸಹಜವಾಗಿದ್ದಾಗಲೇ ಕಂಡರೆ ದರ್ಜೆ 2. 6–12 ವಯಸ್ಸಿನವರಲ್ಲಿ ಗಳಗಂಡದ ಪ್ರಮಾಣ ಶೇ. 5 ದಾಟಿದರೆ ಅದು ಸಾರ್ವಜನಿಕ ಆರೋಗ್ಯ ಸಮಸ್ಯೆ.

ಮುಂದೆ ಟಿಎಸ್‌ಎಚ್, ಟಿ4, ಟಿಪಿಒ ಪ್ರತಿಕಾಯ ಪರೀಕ್ಷೆ, ಅಗತ್ಯವಿದ್ದರೆ ಅಲ್ಟ್ರಾಸೌಂಡ್. ಎಲ್ಲಕ್ಕೂ ಅಯೋಡಿನ್ ಕೊರತೆಯನ್ನೇ ದೂರುವುದು ಹಳೆಯ ರೂಢಿ. ಅಯೋಡಿನ್ ಸಾಕಷ್ಟಿರುವ ಕಡೆ ಹದಿಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಹಾಶಿಮೊಟೊ ಉರಿಯೂತವೇ ಮುಖ್ಯ ಕಾರಣ. ಹಾರ್ಮೋನ್ ಕಡಿಮೆಯಿದ್ದರೆ ಲೆವೊಥೈರಾಕ್ಸಿನ್, ಖಾಲಿ ಹೊಟ್ಟೆಯಲ್ಲಿ. ಸಹಜವಿದ್ದರೆ ಬಹುತೇಕ ನಿಗಾ ಸಾಕು. ಒಂಟಿ ಗಡ್ಡೆಯನ್ನು ಮಾತ್ರ ಹಗುರವಾಗಿ ನೋಡಬಾರದು: ಕ್ಯಾನ್ಸರ್ ಸಾಧ್ಯತೆ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು.

ನೆನಪಿಡಿ: ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962, ಹೊಸ ಹೆಸರು 1992. ಉಪ್ಪಿನಲ್ಲಿ ಅಯೋಡಿನ್ ಬಳಕೆದಾರರ ಹಂತದಲ್ಲಿ ಕನಿಷ್ಠ 15 ಪಿಪಿಎಂ. ಅಯೋಡಿನ್ ಕೊರತೆ ದಿನ ಅಕ್ಟೋಬರ್ 21.