ಕೊನೆಯ ಹತ್ತು ಸಾವಿರ: ಮಲೇರಿಯಾ ಗುಳಿಗೆಯ ಲೆಕ್ಕ

ಮಳೆಗಾಲ ಬಂತೆಂದರೆ ಕಲಬುರಗಿಯಲ್ಲಿ ಸೊಳ್ಳೆ ಕಾಟ ಯಾರಿಗೂ ಹೊಸದಲ್ಲ. ಮಲೇರಿಯಾ ಗುಳಿಗೆಯನ್ನು ಮೂರು ದಿನ ತಪ್ಪದೆ ನುಂಗಬೇಕು ಅಂತಾರಲ್ಲ, ಅದರ ಹಿಂದೆ ಒಂದು ಸರಳ ಲೆಕ್ಕ ಇದೆ. ಬನ್ನಿ, ಬಿಡಿಸೋಣ.

ಕಮಲಾಪುರದ ಕಡೆಯ ರೈತರೊಬ್ಬರಿಗೆ ಫಾಲ್ಸಿಪಾರಮ್ ಮಲೇರಿಯಾ ಬಂದಿದೆ ಅಂದುಕೊಳ್ಳಿ. ರೋಗ ಜೋರಾದಾಗ ಒಬ್ಬರ ದೇಹದಲ್ಲಿ ಒಂದು ಲಕ್ಷ ಕೋಟಿಯಷ್ಟು, ಅಂದರೆ ಒಂದರ ಮುಂದೆ 12 ಸೊನ್ನೆಯಷ್ಟು, ಪರಾವಲಂಬಿಗಳು ಇರಬಹುದು. ಅವು ಕೆಂಪು ರಕ್ತಕಣದೊಳಗೆ ಬೆಳೆದು, ಕಣ ಒಡೆದು, ಹೊಸ ಕಣ ಹೊಕ್ಕುವ ಒಂದು ಚಕ್ರಕ್ಕೆ ಸುಮಾರು 48 ಗಂಟೆ. ಆರ್ಟಿಮಿಸಿನಿನ್ ಗುಂಪಿನ ಔಷಧಿ ಒಂದು ಚಕ್ರದಲ್ಲಿ ಅವುಗಳ ಸಂಖ್ಯೆಯನ್ನು ಸುಮಾರು 10,000 ಪಟ್ಟು ಇಳಿಸುತ್ತದೆ. ಮೂರು ದಿನದ ಗುಳಿಗೆ ಮುಟ್ಟುವುದು ಎರಡು ಚಕ್ರಗಳನ್ನು. ಮೊದಲನೆಯದು ಮುಗಿದಾಗ ಉಳಿದದ್ದು 10 ಕೋಟಿ. ಎರಡನೆಯದು ಮುಗಿದಾಗ 10,000.

"ಜ್ವರ ಇಳೀತಲ್ಲ, ಇನ್ಯಾಕ ಗುಳಿಗಿ?" ಅಂತ ಅವರು ಎರಡನೇ ದಿನವೇ ಬಿಟ್ಟರೆ? 10 ಕೋಟಿ ಒಳಗೇ ಕೂತಿರುತ್ತವೆ. ಜ್ವರ ಇಳಿಯೋದು ಬೇರೆ, ರೋಗ ಹೋಗೋದು ಬೇರೆ.

ಪೂರ್ತಿ ನುಂಗಿದರೂ ಆ 10,000 ಉಳಿದವಲ್ಲ? ಆರ್ಟಿಮಿಸಿನಿನ್ ಗುಂಪಿನವು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಹೊರಟುಹೋಗುತ್ತವೆ. ಅದಕ್ಕೇ ರಕ್ತದಲ್ಲಿ ದಿನಗಟ್ಟಲೆ ನಿಲ್ಲುವ ಇನ್ನೊಂದು ಔಷಧಿಯನ್ನು ಜೊತೆಗೆ ಕೊಡುತ್ತಾರೆ. ಒಂದೇ ಔಷಧಿ ಕೊಟ್ಟರೆ ಅದನ್ನು ತಾಳಿಕೊಂಡು ಬದುಕಿದವೇ ಮತ್ತೆ ಹೆಚ್ಚುತ್ತವೆ. 1934ರಲ್ಲಿ ಜರ್ಮನಿಯ ಪ್ರಯೋಗಾಲಯದಲ್ಲಿ ತಯಾರಾದ ಕ್ಲೋರೋಕ್ವಿನ್ ಫಾಲ್ಸಿಪಾರಮ್ ಮುಂದೆ ಸೋತಿದ್ದು ಇಂಥ ಪ್ರತಿರೋಧದಿಂದಲೇ.

ಈ ಸಮಸ್ಯೆಯ ಮೇಲೆ ನಮ್ಮ ರಾಜ್ಯದಲ್ಲೂ ಕೆಲಸ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಅವರ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಅವರು ಬಳಸಿದ ಆರ್ಟೀಥರ್, ಗಿಡದಿಂದ ಬಂದ ಆರ್ಟಿಮಿಸಿನಿನ್ ಅನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮಾಡಿದ್ದು. ಅದರ ಒಂದೇ ಚುಚ್ಚುಮದ್ದು ಕೊಟ್ಟಾಗ ಪರಾವಲಂಬಿಗಳು ಮರಳಿ ಬಂದವು. ಅದರ ಬೆನ್ನಿಗೆ ಅರಿಶಿನದ ಕರ್ಕ್ಯುಮಿನ್ ಅನ್ನು ಮೂರು ಸಲ ಬಾಯಿಗೆ ಹಾಕಿದಾಗ ಮರಳಲಿಲ್ಲ. ಹೆಚ್ಚುಕಡಿಮೆ ಎಲ್ಲ ಇಲಿಗಳೂ ಬದುಕಿದವು. ಹಾಗಂತ ಜ್ವರ ಬಂದರೆ ಅರಿಶಿನದ ಹಾಲು ಕುಡಿದು ಮಲಗಬೇಡಿ. ಇದು ಇಲಿಗಳಲ್ಲಿ ಕಂಡ ಫಲ, ಅದೂ ಆರ್ಟೀಥರ್ ಜೊತೆಗೆ.

ಇನ್ನೊಂದು ತೊಂದರೆ ಕಚ್ಚಾವಸ್ತುವಿನದು. ಗಿಡ ಬೆಳೆಯಲು ತಿಂಗಳುಗಳೇ ಬೇಕು, ಬೆಳೆ ಕೈಕೊಟ್ಟರೆ ಔಷಧಿಯೂ ಕಡಿಮೆ. ಆರ್ಟಿಮಿಸಿನಿನ್‌ನ ನಿಜವಾದ ಅಸ್ತ್ರ ಅದರೊಳಗಿನ ಪೆರಾಕ್ಸೈಡ್ ಬಂಧ, ಅಂದರೆ ಜೋಡಿ ಆಮ್ಲಜನಕದ ಕೊಂಡಿ. ಪರಾವಲಂಬಿ ತಿಂದ ಹಿಮೋಗ್ಲೋಬಿನ್‌ನ ಕಬ್ಬಿಣ ತಾಗಿದಾಗ ಆ ಕೊಂಡಿ ಮುರಿದು, ಪರಾವಲಂಬಿಯನ್ನೇ ಹಾಳುಮಾಡುತ್ತದೆ. ರಸಾಯನಶಾಸ್ತ್ರಜ್ಞರು ಕೊಂಡಿಯನ್ನು ಉಳಿಸಿಕೊಂಡು ಉಳಿದ ಚೌಕಟ್ಟನ್ನೇ ಬದಲಿಸಿದರು. ಹಾಗೆ ಹುಟ್ಟಿದ ಪೂರ್ಣ ಕೃತಕ ಅಣು ಆರ್ಟೆರೋಲೇನ್. 2012ರಲ್ಲಿ ರಾನ್‌ಬಾಕ್ಸಿ ಕಂಪನಿ ಅದನ್ನು ಪಿಪೆರಾಕ್ವಿನ್ ಜೊತೆ ಸೇರಿಸಿ 'ಸಿನ್ರಿಯಮ್' ಹೆಸರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು: ದಿನಕ್ಕೊಂದು ಗುಳಿಗೆ, ಮೂರು ದಿನ. ಗಿಡದ ಹಂಗು ತಪ್ಪಿತು. ಜೊತೆಗಾರ ಔಷಧಿಯ ಅಗತ್ಯ ಮಾತ್ರ ಇಲ್ಲೂ ತಪ್ಪಲಿಲ್ಲ.

ಚಳಿ ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ; ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಮಲೇರಿಯಾ ಅಂತಾದರೆ ಡಾಕ್ಟರು ಬರೆದಷ್ಟೂ ದಿನ ಗುಳಿಗೆ ನುಂಗಿ. ಊರಿಗೆ ಹೋದಾಗ ಮನೆಯವರಿಗೂ ಆ 10 ಕೋಟಿಯ ಲೆಕ್ಕ ಹೇಳಿ.